ಸರದಿಯಲ್ಲಿ ನಿಂತ ಅಪ್ಪಣೆಗಳು

ಟಕ್.

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಬಚ್ಚಲುಮನೆಯ ಸೂರಿನ ಮೇಲೆ, ತಾರಸಿಯ ಕಡೆಯಿಂದ, ಆ ಸದ್ದು ಬಂತು. ಒಂದೇ ಸಲ. ಯಾರೋ ಬೇಸರದಿಂದ ಲೊಚಗುಟ್ಟಿದಷ್ಟು ಸಣ್ಣದು. ಇಷ್ಟು ಸಣ್ಣ ಸದ್ದಿಗೆ ಎಚ್ಚರಗೊಳ್ಳುವವಳು ನಮ್ಮ ಕಟ್ಟಡದ ಹದಿನಾರು ಮನೆಗಳಲ್ಲಿ ನಾನೊಬ್ಬಳೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅದೊಂದು ಕಾಯಿಲೆ. ಎದ್ದೆ. ಗ್ಯಾಸ್ ನೋಡಿದೆ, ಆರಿಸಿತ್ತು. ಬಾಗಿಲು ನೋಡಿದೆ, ಚಿಲಕ ಹಾಕಿತ್ತು. ನಲ್ಲಿಗಳನ್ನು ಮುಟ್ಟಿ ನೋಡಿದೆ, ಬಿಗಿಯಾಗಿದ್ದವು. ಎಲ್ಲ ಸರಿಯಿದೆ ಎಂದು ಖಾತ್ರಿಯಾದರೆ ನನಗೆ ಭಯ ಇನ್ನೂ ಹೆಚ್ಚಾಗುತ್ತದೆ. ಹಾಗಾದರೆ ತಪ್ಪಿರುವುದು ನಾನು ನೋಡದೆ ಬಿಟ್ಟ ಜಾಗದಲ್ಲಿ ಎಂದಾಯಿತಲ್ಲ. ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಕೂತಿದ್ದು ಮಲಗಿಬಿಟ್ಟೆ.

ಬೆಳಿಗ್ಗೆ ಐದೂವರೆಗೆ ನೆಲಮಹಡಿಯ ಹಲ್ಲಿನ ಡಾಕ್ಟರ ಕೂಗಿಗೆ ಇಡೀ ಕಟ್ಟಡ ಎದ್ದಿತು. ಅವರ ಕ್ಲಿನಿಕ್ಕಿನಲ್ಲಿ ಪಾದ ಮುಳುಗುವಷ್ಟು ನೀರು. ರೋಗಿಗಳನ್ನು ಒರಗಿಸುವ ದೊಡ್ಡ ಕುರ್ಚಿ ದ್ವೀಪದಂತೆ ನಡುವೆ ನಿಂತಿತ್ತು. ಮಾದರಿಗೆ ಇಟ್ಟಿದ್ದ ಒಂದು ಜೊತೆ ಪ್ಲಾಸ್ಟಿಕ್ ದವಡೆಗಳು ಬಾಗಿಲವರೆಗೆ ತೇಲಿ ಬಂದು ಹಲ್ಲು ಕಿರಿಯುತ್ತಿದ್ದವು. ನೀರು ಮೆಟ್ಟಿಲಿಂದ ಇಳಿದು ಬಂದಿತ್ತು. ಅದರ ಜಾಡು ಹಿಡಿದು ಹತ್ತಿದರೆ ಮೂರನೇ ಮಹಡಿಯಲ್ಲಿ, ನಮ್ಮ ಎದುರು ಮನೆಯ ನಿವೃತ್ತ ಆಡಿಟರ ಬಾಗಿಲು. ಹಿಂದಿನ ಸಂಜೆ ನೀರು ನಿಂತ ಮೇಲೆ ಅವರು ಬಚ್ಚಲ ನಲ್ಲಿಯನ್ನು ತಿರುಗಿಸಿ, ನೀರು ಬಾರದ್ದರಿಂದ ಹಾಗೇ ಬಿಟ್ಟು ಮಲಗಿದ್ದರು. ಬಚ್ಚಲ ಕಿಂಡಿಗೆ ಒಗೆಯುವ ಬಟ್ಟೆಯೊಂದು ಅಡ್ಡ ಬಿದ್ದಿತ್ತು.

ನಲ್ಲಿ ಬಿಟ್ಟು ಮಲಗುವುದು ನಮ್ಮಲ್ಲಿ ತಪ್ಪಲ್ಲ. ನಮಗೆ ನೀರು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ಉಳಿದ ಹೊತ್ತು ತಾರಸಿಯ ಟ್ಯಾಂಕಿನ ವಾಲ್ವು ಮುಚ್ಚಿರುತ್ತದೆ. ಆದ್ದರಿಂದ ಆಡಿಟರು ಒದ್ದೆ ಪಂಚೆ ಎತ್ತಿ ಹಿಡಿದು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು.

“ರಾತ್ರಿ ಹೊತ್ತಲ್ಲಿ ನೀರು ಬಿಟ್ಟೋರು ಯಾರ್ರೀ?”

ಎಲ್ಲರೂ ನನ್ನ ಗಂಡನತ್ತ ತಿರುಗಿದರು. ಹನ್ನೆರಡು ದಿನಗಳಿಂದ ಈ ಕಟ್ಟಡದಲ್ಲಿ ನೀರು ಬಿಡುವವರು ಅವರು. ಕೈಯಿಂದಲ್ಲ, ಫೋನಿನಿಂದ.

ನನ್ನ ಗಂಡ ಹಗಲು ನೋಂದಣಿ ಕಚೇರಿಯಲ್ಲಿ ಮುಖ್ಯ ಗುಮಾಸ್ತರು, ಮನೆಗೆ ಬಂದ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ಮೊದಲನೆಯದು ಹೊಟ್ಟೆಪಾಡು. ಎರಡನೆಯ ಹೆಸರಿನಿಂದ ಯಾರಾದರೂ ಕರೆದರೆ ಅವರ ಎದೆ ಎರಡು ಅಂಗುಲ ಮುಂದೆ ಬರುತ್ತದೆ. ಒಂದು ಭಾನುವಾರ ಪಕ್ಕದ ಕಟ್ಟಡದ ಕಾರ್ಯದರ್ಶಿ ತಮ್ಮ ಗೇಟಿನ ದೀಪವನ್ನು ಫೋನಿನಿಂದ ಆರಿಸಿ, ಹೊತ್ತಿಸಿ, ಮತ್ತೆ ಆರಿಸಿ ತೋರಿಸಿದರು. ಅವತ್ತು ನನ್ನ ಗಂಡ ಊಟದ ತಟ್ಟೆಯ ಮುಂದೆ ಕೂತು ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದರು.

“ದೀಪ ಯಾವ ಮಹಾ! ನಾನು ನೀರನ್ನೇ ಫೋನಲ್ಲಿ ಬಿಡ್ತೀನಿ ನೋಡ್ತಿರು.”

“ನೀರು ಬಿಡೋಕೆ ಚಕ್ರಣ್ಣ ಇದ್ದಾರಲ್ಲ ರೀ?”

“ಅವನನ್ನ ಯಾರು ತೆಗೀತಾರೆ? ಮೇಲ್ವಿಚಾರಕ ಅಂತ ಮಾಡ್ತೀನಿ. ಗೌರವ!”

ಚಕ್ರಣ್ಣನಿಗೆ ನಿಜವಾದ ಹೆಸರೊಂದು ಇರಬೇಕು. ಹನ್ನೊಂದು ವರ್ಷ ತಾರಸಿಯ ವಾಲ್ವಿನ ಚಕ್ರ ತಿರುಗಿಸಿ ತಿರುಗಿಸಿ ಆ ಹೆಸರು ಸವೆದುಹೋಗಿತ್ತು. ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಅವರೂ ಬಟ್ಟೆ ಹೊಲಿಯುವ ಅವರ ಹೆಂಡತಿಯೂ ಇದ್ದರು. ಕೆಲಸ ಇರುವವರೆಗೆ ಕೋಣೆ, ಹೀಗೆಂದು ಸಂಘದ ಪುಸ್ತಕದಲ್ಲಿ ಬರೆದಿತ್ತು. ಬರೆದಿದ್ದವರು ನನ್ನ ಗಂಡನೇ, ಒಳ್ಳೆಯ ಅಕ್ಷರದಲ್ಲಿ.

ಎಂಜಿನಿಯರ್ ಹುಡುಗಿಯೊಬ್ಬಳು ಬಂದು ಒಂಬತ್ತು ಡಬ್ಬಿಗಳನ್ನು ಕೂರಿಸಿದಳು. ಎಂಟು ಡಬ್ಬಿ ಟ್ಯಾಂಕು ಮತ್ತು ಕೊಳವೆಗಳ ಮೇಲೆ, ನೀರೆಷ್ಟಿದೆ ಎಂದು ನೋಡುವುದಕ್ಕೆ. ಒಂಬತ್ತನೆಯದು ವಾಲ್ವಿನ ತಲೆಯ ಮೇಲೆ, ಮೋಟಾರಿನ ಜೊತೆಗೆ. ಮೋಟಾರಿನ ಪಕ್ಕದ ಗುಬುಟನ್ನು ಎಳೆದು ಹಿಡಿದರೆ ಹಳೆಯ ಚಕ್ರವನ್ನು ಕೈಯಿಂದಲೂ ತಿರುಗಿಸಬಹುದಿತ್ತು. ಈ ಒಂಬತ್ತಕ್ಕೂ ಯಜಮಾನನಂಥ ಒಂದು ಬಿಳಿ ಡಬ್ಬಿಯನ್ನು ನಮ್ಮ ನಡುಮನೆಯಲ್ಲಿ ಇಟ್ಟಳು.

“ಸರ್, ಇವೆಲ್ಲ ಪೆನ್ಸಿಲ್ ಸೆಲ್ ಮೇಲೆ ನಡೆಯೋವು. ಸೆಲ್ ಐದು ವರ್ಷ ಬರಬೇಕು, ಅದಕ್ಕೇ ಯಾವಾಗ್ಲೂ ನಿದ್ದೆ. ಕಾಲು ಗಂಟೆಗೊಂದ್ಸಲ ಏಳ್ತವೆ. ಎದ್ದ ತಕ್ಷಣ ಮಾತಾಡಲ್ಲ. ಎಲ್ಲಕ್ಕೂ ಸೇರಿ ಇರೋದು ಒಂದೇ ಚಾನೆಲ್. ಬೇರೆ ಯಾರಾದ್ರೂ ಮಾತಾಡ್ತಿದ್ದಾರಾ ಅಂತ ಮೊದಲು ಕಿವಿಗೊಟ್ಟು ಕೇಳ್ತವೆ. ಮಾತಾಡ್ತಿದ್ರೆ ಸುಮ್ನಿದ್ದು, ಸ್ವಲ್ಪ ತಡೆದು ಮತ್ತೆ ಕೇಳ್ತವೆ. ಖಾಲಿಯಿದ್ರೆ ತಮ್ಮ ಸುದ್ದಿ ಹೇಳಿ, ನಮ್ಮ ಕಡೆಯಿಂದ ಅಪ್ಪಣೆ ಏನಾದ್ರೂ ಇದೆಯಾ ಅಂತ ಒಂದು ಗಳಿಗೆ ಕಾದು, ಮತ್ತೆ ಮಲಗ್ತವೆ.”

“ಎಷ್ಟು ಮರ್ಯಾದಸ್ಥ ಡಬ್ಬಿಗಳಮ್ಮ!” ಎಂದೆ ನಾನು. ನಮ್ಮ ಸಂಘದ ಸಭೆಗಳನ್ನು ನೋಡಿದವರಿಗೆ ನನ್ನ ಬೆರಗು ಅರ್ಥವಾದೀತು.

“ಹೂಂ ಮೇಡಂ. ಒಂದು ಮುಖ್ಯ ವಿಷಯ. ನೀವು ಫೋನಲ್ಲಿ ಒತ್ತಿದ ತಕ್ಷಣ ವಾಲ್ವು ತಿರುಗಲ್ಲ. ಅದು ಎದ್ದು ಕೇಳೋವರೆಗೂ ನಿಮ್ಮ ಅಪ್ಪಣೆ ಈ ಬಿಳಿ ಡಬ್ಬೀಲಿ ಸರದಿಯಲ್ಲಿ ನಿಂತಿರುತ್ತೆ. ಒಂದ್ಸಲ ಒತ್ತಿ, ಕಾಯಿರಿ. ದಯವಿಟ್ಟು ಮತ್ತೆ ಮತ್ತೆ ಒತ್ತಬೇಡಿ.”

ನನ್ನ ಗಂಡ ತಲೆಯಾಡಿಸುತ್ತಿದ್ದರು. ಅವರು ತಲೆಯಾಡಿಸಿದರೆ ಕೇಳಿಸಿಕೊಂಡಿಲ್ಲ ಎಂದರ್ಥ. ಇಪ್ಪತ್ತೊಂದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಬಿಳಿ ಡಬ್ಬಿಯನ್ನು ಎಲ್ಲಿಟ್ಟರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ ಎಂಬುದರಲ್ಲಿ ಅವರ ಗಮನವಿತ್ತು. ನಾನು ಮಾತ್ರ ಪ್ರತಿ ಮಾತನ್ನೂ ಕೇಳಿಸಿಕೊಂಡೆ. ಅರ್ಥವನ್ನೂ ಮಾಡಿಕೊಂಡೆ. ಇದನ್ನು ಓದುವವರು ಮರೆಯಬಾರದು.

ಮರುದಿನ ಬೆಳಿಗ್ಗೆ ಆರಕ್ಕೆ ಉದ್ಘಾಟನೆ. ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಲ್ಕನಿಯಲ್ಲಿ ನಿಂತರು. ಅಂಗಳದಲ್ಲಿ ಹದಿನೈದು ಮನೆಗಳವರು ತಲೆಯೆತ್ತಿ ನಿಂತರು. ಒತ್ತಿದರು. “ಕಾಯುತ್ತಿದೆ” ಎಂದಿತು ಫೋನು. ಹೇಳಿದಂತೆ ಕಾಲು ಗಂಟೆ ಕಾದಿದ್ದರೆ ಆಗಿಹೋಗುತ್ತಿತ್ತು. ಆದರೆ ಹದಿನೈದು ಸಂಸಾರಗಳ ಎದುರು ನಿಂತ ಮನುಷ್ಯನ ಮಾನಕ್ಕೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಆಯುಸ್ಸಿರುವುದಿಲ್ಲ. ಇನ್ನೂ ಒಂಬತ್ತು ಸಲ ಒತ್ತಿದರು. ಬೆವರಿದರು. ಕೊನೆಗೆ “ಕನ್ನಡಕ ತರ್ತೀನಿ” ಎಂದು ಒಳಗೆ ಬಂದು, ಮೆಟ್ಟಿಲಲ್ಲಿ ನಿಂತಿದ್ದ ಚಕ್ರಣ್ಣನ ಕಿವಿಯಲ್ಲಿ ಉಸುರಿದರು:

“ಓಡು, ಮೇಲೆ ಹೋಗಿ ಕೈಯಲ್ಲಿ ತಿರುಗಿಸು. ಯಾರಿಗೂ ಕಾಣಬೇಡ. ಯಾರಿಗೂ ಹೇಳಬೇಡ.”

“ಆಯ್ತು ಸಾರ್.”

ನೀರು ಬಂತು. ಚಪ್ಪಾಳೆ ಬಂತು. ಆ ಚಪ್ಪಾಳೆ ನಮ್ಮನ್ನು ಹಾಳು ಮಾಡಿತು.

ಚಪ್ಪಾಳೆ ಆರುವ ಮೊದಲೇ ಅವರು ಫೋನಿನೊಳಗೆ ಹೊಕ್ಕು ಎಲ್ಲೆಲ್ಲೋ ಒತ್ತಿ, ಡಬ್ಬಿಗಳು ಕಾಲು ಗಂಟೆಗೊಮ್ಮೆ ಏಳುವುದನ್ನು ಐದು ಸೆಕೆಂಡಿಗೊಮ್ಮೆ ಎಂದು ಬದಲಾಯಿಸಿದರು. “ಮಲಗೋಕೆ ಇವಕ್ಕೆ ಸೆಲ್ ಹಾಕಿಸಿದೀವಾ? ನಮ್ಮ ಕಚೇರೀಲೂ ಇದೇ ರೋಗ!” ಎಂದು ಒಂಬತ್ತೂ ಡಬ್ಬಿಗಳಿಗೆ ಶಿಸ್ತು ಕಲಿಸಿದರು. ನನ್ನ ಗಂಡನಿಗೆ ಐವರು ಅಕ್ಕಂದಿರು. ಐವರೂ ಒಂದೇ ದಿನ ನಮ್ಮ ನಡುಮನೆಯಲ್ಲಿ ಸೇರಿದರೆ ಏನಾಗುತ್ತದೋ ಅಂದಿನಿಂದ ಕಟ್ಟಡದ ಗಾಳಿಯಲ್ಲಿ ಅದೇ ಆಯಿತು. ಎಲ್ಲವೂ ಎಚ್ಚರ, ಎಲ್ಲವಕ್ಕೂ ಮಾತು, ಒಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು. ಯಾವುದರ ಮಾತೂ ಯಾರಿಗೂ ಮುಟ್ಟದು. ಆ ಗದ್ದಲದಲ್ಲಿ ವಾಲ್ವಿನ ಡಬ್ಬಿಗೆ ನಮ್ಮ ಒಂದು ಅಪ್ಪಣೆಯೂ ತಲುಪಲಿಲ್ಲ. ಫೋನು ಮಾತ್ರ “ಕಾಯುತ್ತಿದೆ, ಕಾಯುತ್ತಿದೆ” ಎನ್ನುತ್ತಲೇ ಇತ್ತು.

ಚಪ್ಪಾಳೆಯನ್ನು ಹಿಂದಿರುಗಿಸುವ ಹಾಗಿರಲಿಲ್ಲ. ಆದ್ದರಿಂದ ಒಂದು ಏರ್ಪಾಡಾಯಿತು. ಹೊತ್ತಿಗೆ ಸರಿಯಾಗಿ ಚಕ್ರಣ್ಣ ಟ್ಯಾಂಕಿನ ಹಿಂದೆ ಕೂರುವುದು. ಗಂಡ ಬಾಲ್ಕನಿಯಲ್ಲಿ ಫೋನೆತ್ತಿ, ಎಲ್ಲರಿಗೂ ಕಾಣುವಂತೆ ಒತ್ತಿ, ಒಮ್ಮೆ ಕೆಮ್ಮುವುದು. ಕೆಮ್ಮು ಕೇಳಿದೊಡನೆ ಚಕ್ರಣ್ಣ ತಿರುಗಿಸುವುದು. ದೂರನಿಯಂತ್ರಣ ಎಂದರೆ ನಮ್ಮಲ್ಲಿ ಇದು.

ಮೂರನೇ ದಿನ ಆರೂವರೆಗೆ ಎದುರು ಮನೆಯ ಆಡಿಟರು ತಮ್ಮ ಸ್ವಂತ ಕೆಮ್ಮು ಕೆಮ್ಮಿದರು. ನೀರು ನಿಂತಿತು. ಕೆಳಗಿನಿಂದ ಕೂಗಾಟ. ನನ್ನ ಗಂಡ ಗಾಬರಿಯಿಂದ ಕೆಮ್ಮಿದರು, ನೀರು ಬಂತು. ಆಡಿಟರಿಗೆ ಕೆಮ್ಮು ಒತ್ತರಿಸಿತು, ನೀರು ನಿಂತಿತು. ಆ ಬೆಳಿಗ್ಗೆ ಆರು ಸಲ ಹೀಗಾಯಿತು. ಮರುದಿನದಿಂದ ಎರಡು ಕೆಮ್ಮು ಎಂದು ಗೊತ್ತುಮಾಡಿಕೊಂಡರು. ಆಡಿಟರ ಕೆಮ್ಮು ಜೋಡಿಜೋಡಿಯಾಗಿಯೇ ಬರುತ್ತಿತ್ತು. ಆಮೇಲೆ ಮೂರು ಕೆಮ್ಮು ಮತ್ತು ಒಂದು ಗಂಟಲು ಸರಿಪಡಿಸುವ ಸದ್ದು. ಆಡಿಟರ ಹೆಂಡತಿ ನನ್ನ ಕೈಗೆ ಔಷಧಿ ಬಾಟಲಿ ಕೊಟ್ಟು, “ಯಜಮಾನ್ರಿಗೆ ಎರಡು ಹೊತ್ತು ಕುಡಿಸಮ್ಮ. ಆ ಕೆಮ್ಮು ಕೇಳೋಕಾಗಲ್ಲ, ನಮ್ಮೋರಿಗಿಂತ ಕೆಟ್ಟದಾಗಿದೆ” ಎಂದರು. ಕುಡಿಸಿದೆ. ಇನ್ನೇನು ಮಾಡಲಿ?

ಕೊನೆಗೆ ದಾರಿ ತೋರಿಸಿದವರು ಚಕ್ರಣ್ಣ. “ಸಾರ್, ಆಡಿಟರ್ ಸಾಹೇಬ್ರು ಕೆಮ್ತಿದ್ರೆ ನೀವು ಸುಮ್ನಿದ್ಬಿಡಿ. ಅವರದು ಮುಗೀಲಿ. ಒಂದಿಷ್ಟು ಹೊತ್ತು ಏನೂ ಕೇಳ್ಸದೇ ಇದ್ರೆ ಆಮೇಲೆ ಕೆಮ್ಮಿ.” ಡಬ್ಬಿಗಳು ಮರೆತ ಮರ್ಯಾದೆಯನ್ನು ಅವರು ಯಾರ ಪಾಠವೂ ಇಲ್ಲದೆ ಪಾಲಿಸುತ್ತಿದ್ದರು.

ಹೀಗಿರುವಾಗ ಆ ಮಂಗಳವಾರ ರಾತ್ರಿ ನೀರು ತಾನಾಗಿ ಬಿಟ್ಟುಕೊಂಡಿತು.

ಕ್ಲಿನಿಕ್ಕಿನ ಬಾಗಿಲಲ್ಲಿ, ಪಾದ ಮುಳುಗುವ ನೀರಿನಲ್ಲಿ, ಎಲ್ಲರೂ ತಮ್ಮತ್ತ ನೋಡುತ್ತಿದ್ದಾಗ ನನ್ನ ಗಂಡ ಹೇಳಿದ ಮಾತು ಇಷ್ಟೇ:

“ಮೆಷಿನ್ ತಪ್ಪು ಮಾಡಲ್ಲ ಸಾರ್. ತಪ್ಪು ಮಾಡೋದು ಕೈ.”

ಅವರು ಮೆಷಿನ್ನಿನ ಮಾನ ಉಳಿಸಲು ಹೇಳಿದರು. ಆದರೆ ಆ ಕಟ್ಟಡದಲ್ಲಿ ವಾಲ್ವು ಬಲ್ಲ ಕೈಗಳು ಎರಡೇ ಇದ್ದವು, ಎರಡೂ ಒಬ್ಬರವೇ. ಚಕ್ರಣ್ಣ ಆ ಹೊತ್ತಿಗೆ ಒರಸು ಬಟ್ಟೆ ಹಿಡಿದು ಮೊಣಕಾಲೂರಿ ಡಾಕ್ಟರ ನೆಲ ಒರಸುತ್ತಿದ್ದರು. ಅವರ ಕೈ ಒಂದು ಕ್ಷಣ ನಿಂತು ಮತ್ತೆ ಆಡಿತು.

ಗುರುವಾರ ಬೆಳಿಗ್ಗೆ ಆರು ನಲವತ್ತಕ್ಕೆ ಇದಕ್ಕೆ ತಿರುಗುಮುರುಗು ಆಯಿತು. ಎಲ್ಲರೂ ಮೈಗೆ ಸೋಪು ಹಚ್ಚಿಕೊಂಡಿರುವ ಹೊತ್ತು. ಟಕ್ ಎಂದಿತು, ಹದಿನಾರು ಮನೆಗಳಲ್ಲಿ ನೀರು ನಿಂತಿತು. ಆಡಿಟರು ಈ ಸಲ ತನಿಖೆಗೆ ತಡ ಮಾಡಲಿಲ್ಲ. ಟವೆಲು ಸುತ್ತಿಕೊಂಡು, ಕಣ್ಣಿನ ಉರಿಯಲ್ಲೇ ಗೋಡೆ ತಡವುತ್ತ ತಾರಸಿಗೆ ಹತ್ತಿದರು. ಟ್ಯಾಂಕಿನ ಹಿಂದೆ ಚಕ್ರಣ್ಣ. ಅವರ ಕೈ ವಾಲ್ವಿನ ಚಕ್ರದ ಮೇಲೆ. ತಾನಾಗಿ ಮುಚ್ಚಿದ್ದನ್ನು ತೆರೆಯಲು ಒದ್ದಾಡುತ್ತಿದ್ದರು.

“ಸಿಕ್ಕಿಬಿದ್ದ!” ಎಂದು ಆಡಿಟರು ಕೂಗಿದ್ದು ಪಕ್ಕದ ಕಟ್ಟಡಕ್ಕೂ ಕೇಳಿಸಿತು. “ಏನಯ್ಯಾ ಮಾಡ್ತಿದ್ದೀಯ ಇಲ್ಲಿ? ಫೋನಲ್ಲಿ ನಡೆಯೋ ವಾಲ್ವು ಹತ್ರ ನಿನಗೇನು ಕೆಲಸ? ಹೇಳು!”

ಚಕ್ರಣ್ಣ ಬಾಲ್ಕನಿಯ ಕಡೆ ನೋಡಿದರು. ಕೆಳಗೆ ನನ್ನ ಗಂಡ ಫೋನೆತ್ತಿಕೊಂಡೇ ನಿಂತಿದ್ದರು.

“ಸುಮ್ನೆ ಬಂದಿದ್ದೆ ಸಾರ್” ಎಂದರು ಚಕ್ರಣ್ಣ.

ಯಾರಿಗೂ ಹೇಳಬೇಡ ಎಂದು ಹೇಳಿದ್ದರಲ್ಲ. ಹೇಳಲಿಲ್ಲ. ನನ್ನ ಗಂಡನೂ ಹೇಳಲಿಲ್ಲ. ಆ ದಿನ ಅವರಿಗೆ ನಿಜವಾಗಿಯೂ ಕೆಮ್ಮು ಬಂತು.

ಶುಕ್ರವಾರ ನೋಟಿಸು ಬೋರ್ಡಿನಲ್ಲಿ ಆಡಿಟರ ಕೈಬರಹ ಕಾಣಿಸಿತು. ಭಾನುವಾರ ಹತ್ತಕ್ಕೆ ವಿಶೇಷ ಸಭೆ. ವಿಷಯ: ಹೊಟ್ಟೆಕಿಚ್ಚಿನಿಂದ ಹೊಸ ಯಂತ್ರಕ್ಕೆ ಕೆಟ್ಟ ಹೆಸರು ತರಲು ಯತ್ನಿಸಿದ ನೌಕರನನ್ನು ತೆಗೆದು, ತಿಂಗಳ ಕೊನೆಗೆ ಕೋಣೆ ಬಿಡಿಸುವುದು. ಕೆಳಗೆ ಕಾರ್ಯದರ್ಶಿಗಳ ಸಹಿಗೆ ಜಾಗ ಬಿಟ್ಟಿತ್ತು. ನನ್ನ ಗಂಡ ಎರಡು ದಿನ ಪೆನ್ನು ಹುಡುಕಿದರು. ಅದು ಅವರ ಜೇಬಿನಲ್ಲೇ ಇತ್ತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಚಕ್ರಣ್ಣನ ಹೆಂಡತಿ ಹೊಲಿದು ಮುಗಿಸಿದ್ದ ಬಟ್ಟೆಗಳನ್ನು ಮನೆಮನೆಗೆ ಹಿಂದಿರುಗಿಸಿ, ಹೊಸದಾಗಿ ಯಾರದ್ದೂ ತೆಗೆದುಕೊಳ್ಳಲಿಲ್ಲ.

ಈಗ ನಾನು ಒಂದು ವಿಷಯ ಹೇಳಬೇಕು. ಇಲ್ಲಿಯವರೆಗೆ ಹೇಳದಿದ್ದುದು ಮರೆವಿನಿಂದಲ್ಲ.

ನನ್ನ ಗಂಡ ಹತ್ತಕ್ಕೆ ಮಲಗುತ್ತಾರೆ. ಮನೆಯ ಎಲ್ಲವನ್ನೂ ಮೂರು ಮೂರು ಸಲ ನೋಡಿ ನಾನು ಮಲಗುವುದು ಹತ್ತೂ ಮುಕ್ಕಾಲಿಗೆ. ಗ್ಯಾಸು, ಚಿಲಕ, ನಲ್ಲಿ. ವಾಲ್ವು ಫೋನಿಗೆ ಬಂದ ದಿನದಿಂದ ನನ್ನ ಪಟ್ಟಿಗೆ ಅದೂ ಸೇರಿತ್ತು. ಅವರ ದಿಂಬಿನ ಪಕ್ಕದಿಂದ ಫೋನು ತೆಗೆದು “ಮುಚ್ಚು” ಎಂಬುದನ್ನು ಒತ್ತುತ್ತಿದ್ದೆ. “ಕಾಯುತ್ತಿದೆ” ಎನ್ನುತ್ತಿತ್ತು. ಸಮಾಧಾನವಾಗುತ್ತಿರಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ದಿನಕ್ಕೆ ಮೂರು, ತಪ್ಪದೆ. ಮತ್ತೆ ಮತ್ತೆ ಒತ್ತಬೇಡಿ ಎಂದು ಆ ಹುಡುಗಿ ಹೇಳಿದ್ದನ್ನು ಕೇಳಿಸಿಕೊಂಡವಳು, ಪದವಿ ಪಡೆದವಳು, ಗಂಡನನ್ನು ನೋಡಿ ಮನಸ್ಸಿನಲ್ಲೇ ನಕ್ಕವಳು ನಾನು.

ಶನಿವಾರ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಆ ಎಂಜಿನಿಯರ್ ಹುಡುಗಿಗೆ ಫೋನು ಮಾಡಿದೆ.

“ಅಲ್ಲಮ್ಮ, ಸುಮ್ನೆ ಕೇಳ್ತಿದೀನಿ. ಒಬ್ಬರು ಒತ್ತಿದ್ದನ್ನೇ ಒತ್ತಿದ್ರು ಅಂತಿಟ್ಕೋ. ಆ ಅಪ್ಪಣೆ ಎಲ್ಲ ಎಲ್ಲಿಗೆ ಹೋಗುತ್ತೆ?”

“ಎಲ್ಲೂ ಹೋಗಲ್ಲ ಮೇಡಂ, ಸರದೀಲಿರುತ್ತೆ. ದಾರಿ ಸಿಕ್ಕಿದಾಗ ಒಂದೊಂದಾಗಿ ಹೋಗುತ್ತೆ. ಯಾಕೆ, ಎಷ್ಟು ಸಲ ಒತ್ತಿದ್ರು?”

“ಯಾರೋ ಪರಿಚಯದೋರು” ಎಂದೆ.

“ಮೇಡಂ, ನಾಳೆ ನಾನೇ ಬಂದು ನೋಡ್ತೀನಿ.”

ಬೇಡ ಎನ್ನಲು ಬಾಯಿ ಬರಲಿಲ್ಲ. ಬಾ ಎನ್ನಲೂ ಬರಲಿಲ್ಲ. ಅವಳು ಬಂದಳು.

ಸಭೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರಿತ್ತು. ಕುರ್ಚಿಗಳು ಸಾಲದೆ ಆಡಿಟರು ರೋಗಿಗಳ ಕುರ್ಚಿಯಲ್ಲೇ ಒರಗಿ, ದೀಪದ ಕೆಳಗೆ, ಬಾಯಿ ತೆರೆದು ಆರೋಪಪಟ್ಟಿ ಓದಿದರು. ಚಕ್ರಣ್ಣ ಬಾಗಿಲ ಹತ್ತಿರ ನಿಂತಿದ್ದರು. ಅವರ ಹಿಂದೆ ಹೆಂಡತಿ. ಓದಿ ಮುಗಿಯುವ ಮೊದಲೇ ಎಲ್ಲರೂ ಶುರುಮಾಡಿದರು.

“ನನ್ನ ಎಕ್ಸ್‌ರೇ ಮೆಷಿನ್ನು—”

“ಕಣ್ಣಲ್ಲಿ ಸೋಪು ರೀ, ಕಣ್ಣಲ್ಲಿ!”

“ಹನ್ನೊಂದು ವರ್ಷದಿಂದ ಇದಾನೆ, ಪಾಪ—”

“ಪಾಪ ಅಂದ್ರೆ ನಿಮ್ಮನೇಲಿಟ್ಕೊಳ್ಳಿ!”

“ಸ್ವಲ್ಪ ನನಗೂ ಮಾತಾಡೋಕೆ ಬಿಡ್ತೀರಾ?” ಎಂದು ಹದಿಮೂರು ಜನ ಒಟ್ಟಿಗೆ ಕೇಳಿದರು.

ಎಂಜಿನಿಯರ್ ಹುಡುಗಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೈಯೆತ್ತಿ ಕೂತಿದ್ದಳು. ಎಲ್ಲರಿಗೂ ಒಮ್ಮೆಲೇ ಉಸಿರು ತೀರಿದ ಒಂದು ಗಳಿಗೆಯಲ್ಲಿ ಸಂದು ಸಿಕ್ಕಿತು.

“ಈಗ ಇಲ್ಲಿ ಏನಾಯ್ತೋ ನಿಮ್ಮ ಡಬ್ಬಿಗಳಿಗೂ ಅದೇ ಆಗಿದೆ. ಯಾರೋ ಅವನ್ನ ಐದು ಸೆಕೆಂಡಿಗೊಂದ್ಸಲ ಎಬ್ಬಿಸಿದಾರೆ. ಐದು ವರ್ಷ ಬರಬೇಕಿದ್ದ ಸೆಲ್ ಹನ್ನೆರಡು ದಿನಕ್ಕೆ ಮುಗೀತಿವೆ. ಒಂದೊಂದಾಗಿ ಡಬ್ಬಿ ಸತ್ತ ಹಾಗೆ ಚಾನೆಲ್‌ನಲ್ಲಿ ಗಲಾಟೆ ಕಮ್ಮಿಯಾಗಿದೆ. ಮಂಗಳವಾರ ರಾತ್ರಿ ಮೊದಲನೇ ಸಲ ವಾಲ್ವಿಗೆ ಒಂದು ಅಪ್ಪಣೆ ಕೇಳ್ಸಿದೆ. ಅದು ಹಳೇದು, ಮೊದಲನೇ ದಿನ ಬೆಳಿಗ್ಗೆದು. ಅಲ್ಲಿಂದ ಸಂದು ಸಿಕ್ಕಿದಾಗೆಲ್ಲ ಒಂದೊಂದು ಹೋಗ್ತಿದೆ. ಯಾರ ಕೈಯೂ ಅಲ್ಲ. ಸರದೀಲಿ ಒಟ್ಟು ಇನ್ನೂರ ಹನ್ನೆರಡು ಅಪ್ಪಣೆ ಇತ್ತು.”

“ಇನ್ನೂರ ಹನ್ನೆರಡಾ!” ಆಡಿಟರು ರೋಗಿಗಳ ಕುರ್ಚಿಯಿಂದ ಎದ್ದು ಕೂತರು. ಅಂಕಿ ಕೇಳಿದರೆ ಅವರಿಗೆ ನಿವೃತ್ತಿ ಮರೆತುಹೋಗುತ್ತದೆ. “ಯಾರಮ್ಮ ಕೊಟ್ಟಿದ್ದು?”

“ಎಲ್ಲ ಕಾರ್ಯದರ್ಶಿಗಳ ಫೋನಿಂದ.”

ನನ್ನ ಗಂಡ ಎದ್ದು ನಿಂತರು. ಅವರ ಎದೆ ಎರಡು ಅಂಗುಲ ಒಳಗೆ ಹೋಗಿತ್ತು. ಒತ್ತಿದ್ದು, ಡಬ್ಬಿಗಳ ನಿದ್ದೆ ಕೆಡಿಸಿದ್ದು, ಕೆಮ್ಮಿದ್ದು, ಚಕ್ರಣ್ಣನನ್ನು ಟ್ಯಾಂಕಿನ ಹಿಂದೆ ಕೂರಿಸಿದ್ದು, ಎಲ್ಲವನ್ನೂ ಹೇಳಿದರು. ಬಹಳ ಚೆನ್ನಾಗಿ ಹೇಳಿದರು. ಅವರು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಹಾಗಾದ್ರೆ ನಿಮಗೆ ಕೆಮ್ಮೇ ಇರಲಿಲ್ವಾ?” ಆಡಿಟರ ಹೆಂಡತಿಗೆ ತಮ್ಮ ಔಷಧಿಯ ಬಾಟಲಿ ನೆನಪಾಗಿತ್ತು.

“ಒಂದು ನಿಮಿಷ” ಎಂದರು ಆಡಿಟರು, ಲ್ಯಾಪ್‌ಟಾಪಿನೊಳಗೆ ಮೂಗು ತೂರಿಸಿ. “ಇದೇನಿದು? ಪ್ರತಿ ರಾತ್ರಿ ಹತ್ತು ನಲವತ್ತಕ್ಕೆ ಮೂರು ಸಲ ‘ಮುಚ್ಚು’. ಗುರುವಾರ ನನ್ನ ಕಣ್ಣಿಗೆ ಸೋಪು ಹಾಕಿದ್ದು ಇದರಲ್ಲೇ ಒಂದು. ಇದ್ಯಾಕ್ರೀ ಒತ್ತಿದ್ರಿ?”

“ಅದು ನಾನಲ್ಲ ಸಾರ್. ಹತ್ತಕ್ಕೆ ಮಲಗ್ತೀನಿ.”

“ನೀವಲ್ಲದೆ ಇನ್ಯಾರು? ಫೋನು ನಿಮ್ಮದು. ಚಕ್ರಣ್ಣನಿಗೇನಾದ್ರೂ ಕೊಡ್ತಿದ್ರಾ? ಅವನು ಒತ್ತಿದ್ನಾ?”

ಮತ್ತೆ ಎಲ್ಲ ಮುಖಗಳೂ ಬಾಗಿಲ ಕಡೆ ತಿರುಗಿದವು. ಚಕ್ರಣ್ಣನ ಹೆಂಡತಿ ಗಂಡನ ಅಂಗಿಯ ತುದಿ ಹಿಡಿದುಕೊಂಡರು. ನಾನು ಎದ್ದೆ. ನಿಜವಾಗಿಯೂ ಎದ್ದೆ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಮೊದಲ ಪದವೂ ನಾಲಿಗೆಯ ಮೇಲೆ ಬಂದಿತ್ತು. ನಾನು ಪದಗಳನ್ನು ಆರಿಸಿ ಆಡುವವಳು. ಆರಿಸುವುದಕ್ಕೆ ಅರೆ ಕ್ಷಣ ಹಿಡಿಯಿತು. ಆ ಅರೆ ಕ್ಷಣದಲ್ಲಿ ಹಲ್ಲಿನ ಡಾಕ್ಟರು ಬಾಯಿ ಹಾಕಿದರು.

“ನಿದ್ದೇಲಿ ಒತ್ತಿರ್ತಾರೆ!”

“ಏನು?”

“ನನ್ನ ಹತ್ರ ಬರ್ತಾರಲ್ಲ, ನಿದ್ದೇಲಿ ಹಲ್ಲು ಕಡಿಯೋರು. ಬೆಳಿಗ್ಗೆ ಕೇಳಿದ್ರೆ ನಾನಲ್ಲ ಅಂತಾರೆ. ಹಲ್ಲು ಕಡಿಯೋರು ಇದ್ದ ಮೇಲೆ ಬೆರಳು ಒತ್ತೋರು ಇರಲ್ವಾ? ಹಗಲೆಲ್ಲ ಅದೇ ಚಿಂತೆ, ರಾತ್ರಿ ಕೈ ತಾನಾಗಿ ಹೋಗುತ್ತೆ. ಒಂದೇ ಹೊತ್ತಿಗೆ, ಮೂರೇ ಸಲ. ಇದು ಪಕ್ಕಾ ಅದೇ!”

ಅವರ ಅಧಿಕಾರ ಮೂವತ್ತೆರಡು ಹಲ್ಲುಗಳಾಚೆ ವಿಸ್ತರಿಸಿದ್ದನ್ನು ಯಾರೂ ಪ್ರಶ್ನಿಸಲಿಲ್ಲ. ನನ್ನ ಗಂಡ ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು, ಅದು ಬೇರೆಯವರದ್ದೇನೋ ಎಂಬಂತೆ.

“ಇರಬಹುದು ಸಾರ್” ಎಂದರು ಮೆಲ್ಲಗೆ. “ಇರಬಹುದು. ಚಕ್ರಣ್ಣನ ತಪ್ಪು ಮಾತ್ರ ಏನೂ ಇಲ್ಲ.”

ನಾನು ಕುಳಿತೆ. ಕುರ್ಚಿ ಹಿಂದೆ ಸರಿದಿದ್ದರಿಂದ ಅದನ್ನು ಹುಡುಕಿಕೊಂಡು ಕುಳಿತೆ.

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಚಕ್ರಣ್ಣನ ಕೆಲಸ ಉಳಿಯಿತು, ಕೋಣೆ ಉಳಿಯಿತು. ನನ್ನ ಗಂಡನ ಕಾರ್ಯದರ್ಶಿತನ ಹೋಯಿತು. ಬಿಳಿ ಡಬ್ಬಿ ಆಡಿಟರ ಮನೆಗೆ ಹೋಯಿತು. ಹುಡುಗಿ ಸರದಿಯನ್ನೆಲ್ಲ ಅಳಿಸಿ, ಡಬ್ಬಿಗಳಿಗೆ ಮತ್ತೆ ಕಾಲು ಗಂಟೆಯ ನಿದ್ದೆ ಕೊಟ್ಟಳು. ಹೊರಡುವಾಗ, “ಮೇಡಂ, ನಿಮ್ಮ ಆ ಪರಿಚಯದೋರಿಗೂ ಹೇಳಿಬಿಡಿ, ಒಂದೇ ಸಲ ಒತ್ತಲಿ” ಎಂದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಒಳ್ಳೆಯ ಎಂಜಿನಿಯರ್.

ನಿದ್ದೆಯಲ್ಲಿ ಫೋನು ಒತ್ತುವ ಮನುಷ್ಯನ ಸುದ್ದಿ ಸಂಜೆಯೊಳಗೆ ಐವರು ಅಕ್ಕಂದಿರಿಗೂ ಮುಟ್ಟಿತು. “ಚಿಕ್ಕೋನಿದ್ದಾಗಲೇ ನಿದ್ದೇಲಿ ನಗ್ತಿದ್ದ ಕಣೇ, ನಾನು ಅವತ್ತೇ ಹೇಳಿದ್ದೆ” ಎಂದು ದೊಡ್ಡ ಅಕ್ಕ ಚೀಲ ಹಿಡಿದು ಬಂದೇಬಿಟ್ಟರು. ಬಂದವರೇ ರಾತ್ರಿ ಕಾವಲು ವಹಿಸಿಕೊಂಡರು. ತಮ್ಮನ ಎರಡೂ ಕೈಗೆ ದಪ್ಪ ಕಾಲುಚೀಲ ತೊಡಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಚೇರಿಯಲ್ಲಿ ಮೇಲಧಿಕಾರಿ ಇವರನ್ನು ಕರೆದು, ಮಧ್ಯಾಹ್ನ ಊಟವಾದ ಮೇಲೆ ಮೊಹರು ಒತ್ತುವ ಕೆಲಸ ಬೇಡ ಎಂದರಂತೆ. ಮುನ್ನೆಚ್ಚರಿಕೆಗೆ.

ಎರಡನೇ ರಾತ್ರಿ, ಕಾಲುಚೀಲದ ಕೈಗಳನ್ನು ಹೊದಿಕೆಯ ಮೇಲೆ ಇಟ್ಟುಕೊಂಡು ಅವರು ನನ್ನನ್ನು ಕೇಳಿದರು:

“ನಾನು ನಿದ್ದೇಲಿ ಇನ್ನೇನಾದ್ರೂ ಮಾಡ್ತೀನೇನೇ? ಗ್ಯಾಸ್ ಗೀಸ್ ತೆರೆದುಬಿಟ್ರೆ?”

“ಇಲ್ಲ ರೀ. ನಾನು ನೋಡ್ತಿರ್ತೀನಲ್ಲ.”

“ನೀನಿದ್ದೀಯ ಅಂತಾನೇ ಧೈರ್ಯ” ಎಂದು ಕಣ್ಣು ಮುಚ್ಚಿದರು. ಆಗಲೂ ಹೇಳಬಹುದಿತ್ತು. ಅಕ್ಕ ಕುರ್ಚಿಯಲ್ಲಿದ್ದರು ಎಂಬುದು ನೆಪ. ಅವರು ಅಷ್ಟರಲ್ಲಿ ತೂಕಡಿಸುತ್ತಿದ್ದರು.

ಮಂಗಳವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಚಕ್ರಣ್ಣ. ಕೈಯಲ್ಲಿ ಒಂದು ಚೀಲದ ತುಂಬ ಸತ್ತ ಪೆನ್ಸಿಲ್ ಸೆಲ್ಲುಗಳು. ಒಳಗೆ ಬನ್ನಿ ಎಂದರೂ ಹೊಸಿಲಾಚೆಯೇ ನಿಂತರು.

“ಹೊಸ ಸೆಲ್ ಹಾಕಿದೆ ಅಮ್ಮಾ. ಇವನ್ನ ಎಲ್ಲಿ ಹಾಕಲಿ ಅಂತ ಕೇಳೋಣ ಅಂತ ಬಂದೆ.”

“ಇನ್ನು ಆಡಿಟರನ್ನ ಕೇಳಬೇಕಲ್ಲ ಚಕ್ರಣ್ಣ.”

“ಹೌದು. ಮರೆತೆ.” ಅವರು ಹೋಗಲಿಲ್ಲ. “ಸಾರ್ ಹೇಗಿದಾರೆ?”

“ಪರವಾಗಿಲ್ಲ. ಕಾಲುಚೀಲ ಹಾಕ್ಕೊಂಡು ಮಲಗ್ತಾರೆ.”

“ಕೇಳಿದೆ.” ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. “ರಾತ್ರಿ ಹತ್ತೂವರೆ ದಾಟಿದ ಮೇಲೆ ನಾನು ತಾರಸಿಗೆ ಬೀಗ ಹಾಕಿ ಇಳಿದು ಬರ್ತೀನಿ ಅಮ್ಮಾ. ನಿಮ್ಮ ಬಾಗಿಲ ಮುಂದೇನೇ.”

ನಾನು ಬಾಗಿಲ ಚಿಲಕ ಹಿಡಿದುಕೊಂಡೆ.

“ಒಳಗಡೆ ಸಾರ್ ಗೊರಕೆ ಕೇಳ್ತಿರುತ್ತೆ. ಜೊತೇಲಿ ಫೋನು. ಟಿಣ್, ಟಿಣ್, ಟಿಣ್. ಮೂರೇ ಸಲ. ಮನುಷ್ಯ ಅಲುಗಿದ್ರೆ ಗೊರಕೆ ಒಂದ್ಸಲ ತಡೀಬೇಕಲ್ವಾ? ತಡೀತಿರ್ಲಿಲ್ಲ. ಅದೇನು ಟಿಣ್ ಅಂತ ಆಗ ಗೊತ್ತಾಗ್ಲಿಲ್ಲ. ಸಭೇಲಿ ಗೊತ್ತಾಯ್ತು.”

ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಒಳಗೆ ರಾತ್ರಿ ಕಾವಲಿನ ಆಯಾಸಕ್ಕೆ ಅಕ್ಕ ಹಗಲಿನಿಂದ ಮಲಗಿಯೇ ಇದ್ದರು.

“ಅಲ್ಲೇ ಹೇಳಬಹುದಿತ್ತಲ್ಲ ಚಕ್ರಣ್ಣ” ಎಂದೆ.

“ನೀವು ಎದ್ದು ನಿಂತ್ರಲ್ಲ. ಹೇಳ್ತೀರಿ ಅಂದ್ಕೊಂಡೆ.”

ನಾನು ಚಿಲಕ ಸರಿಸಿದೆ. ಇನ್ನೊಮ್ಮೆ. ಮತ್ತೊಮ್ಮೆ.

“ಆಮೇಲೆ ಕೂತ್ರಿ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು.

ನಾಲ್ಕು ಮೆಟ್ಟಿಲು ಇಳಿದ ಮೇಲೆ ನಿಂತು, ತಿರುಗದೆ, ಕಂಬಿ ಹಿಡಿದುಕೊಂಡೇ ಮತ್ತೆ ಮಾತಾಡಿದರು.

“ನನ್ನ ಹೆಂಡ್ತಿ ಕೇಳ್ತಿದ್ಲು, ಸಾರಿಗೆ ನಿಜವಾಗ್ಲೂ ಆ ಕಾಯಿಲೆ ಇದೆಯಾ ಅಂತ. ಇರಬೇಕು ಅಂದೆ. ಅವಳಿಗೇ ಹೇಳಿಲ್ಲ ಅಂದ್ಮೇಲೆ ಇನ್ಯಾರಿಗೂ ಹೇಳಲ್ಲ, ಬಿಡಿ ಅಮ್ಮಾ.”